ಮಗಳು ಇನ್ನೂ ನಡೆಯುತ್ತಿಲ್ಲ ಎಂಬ ಪತ್ರಕ್ಕೆ

ಬೆಂಗಳೂರಿನ ಓದುಗರೊಬ್ಬರ ಪತ್ರದ ಸಾರ: "ಮಗಳಿಗೆ 14 ತಿಂಗಳು. ಇನ್ನೂ ಗೋಡೆ ಹಿಡಿದೇ ಓಡಾಡುತ್ತಾಳೆ. ಊರಲ್ಲಿ ನಾದಿನಿಯ ಮಗ 10 ತಿಂಗಳಿಗೇ ನಡೆದ. ಫ್ಲ್ಯಾಟಿನಲ್ಲಿ ಎತ್ತಿಕೊಂಡೇ ಬೆಳೆಸಿದರೆ ಕಾಲು ಹೇಗೆ ಬರುತ್ತೆ ಅಂತಾರೆ ಅತ್ತೆ. ಯಜಮಾನರು ವಾಕರ್ ತರ್ತೀನಿ ಅಂತಿದ್ದಾರೆ. ನಾವು ಬೆಳೆಸಿದ್ದೇ ತಪ್ಪಾ?"

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಮಗು ಯಾವಾಗ ಕೂರುತ್ತದೆ, ಯಾವಾಗ ನಡೆಯುತ್ತದೆ ಅನ್ನೋದರಲ್ಲಿ ಮನೆಯ ರೂಢಿಯ ಪಾಲೂ ಇರುತ್ತದೆ.

ಕೀನ್ಯಾದ ಕಿಪ್ಸಿಗಿಸ್ ಜನರನ್ನೇ ನೋಡಿ. 1970ರ ದಶಕದಲ್ಲಿ ಚಾರ್ಲ್ಸ್ ಸೂಪರ್ ಎಂಬ ಅಮೆರಿಕದ ಸಂಶೋಧಕರು ಅವರ ಎಳೆಮಕ್ಕಳನ್ನು ಗಮನಿಸಿ ಬರೆದರು. ಅಲ್ಲಿ ನೆಲದಲ್ಲಿ ಸಣ್ಣ ಗುಂಡಿ ತೋಡಿ, ಸುತ್ತ ಕಂಬಳಿ ಒತ್ತಿಟ್ಟು, ಮಗುವನ್ನು ಅದರೊಳಗೆ ಕೂರಿಸಿ ರೂಢಿ ಮಾಡಿಸುತ್ತಿದ್ದರು. ನಡಿಗೆಯನ್ನೂ ಕೈಹಿಡಿದು ಕಲಿಸುತ್ತಿದ್ದರು. ಆ ಮಕ್ಕಳು ಕೂತದ್ದೂ ನಡೆದದ್ದೂ ಅಮೆರಿಕದ ಮಕ್ಕಳಿಗಿಂತ ಸುಮಾರು ಒಂದು ತಿಂಗಳು ಮುಂಚೆ. ತಮಾಷೆ ಅಂದ್ರೆ, ಅಂಬೆಗಾಲಿನಲ್ಲಿ ಮಾತ್ರ ಅವರೇನೂ ಮುಂದಿರಲಿಲ್ಲ. ಅದನ್ನು ಯಾರೂ ಕಲಿಸುತ್ತಿರಲಿಲ್ಲ.

ಇನ್ನು ಪರಾಗ್ವೆಯ ಅಚೆ ಬುಡಕಟ್ಟಿನವರು. ಕಾಡಿನ ನೆಲದಲ್ಲಿ ಹಾವು ಹುಳ ಜಾಸ್ತಿ. ಹಾಗಾಗಿ ತಾಯಂದಿರು ಮಕ್ಕಳನ್ನು ಕೆಳಗೇ ಬಿಡುತ್ತಿರಲಿಲ್ಲ. ಆ ಮಕ್ಕಳು ನಡೆಯಲು ಒಂದೂವರೆ ವರ್ಷ ದಾಟಲೇಬೇಕಿತ್ತು. ಅದೇ ಮಕ್ಕಳು ಎಂಟು-ಹತ್ತು ವರ್ಷಕ್ಕೆ ಎತ್ತರದ ಮರ ಹತ್ತುತ್ತಿದ್ದರು! ಅತ್ತೆಯವರು ಬಿಟ್ಟ ಇನ್ನರ್ಧ ಇದು. ತಡ ಆದರೆ ಕೊರತೆ ಅಂತಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಭಾರತವೂ ಸೇರಿ ಐದು ದೇಶಗಳ ಮಕ್ಕಳನ್ನು ನೋಡಿ 2006ರಲ್ಲಿ ಲೆಕ್ಕ ಕೊಟ್ಟಿತು. ಆರೋಗ್ಯವಾಗಿರುವ ಮಕ್ಕಳು ಆಸರೆಯಿಲ್ಲದೆ ನಡೆಯುವುದು ಸುಮಾರು 8 ತಿಂಗಳಿಂದ 17ವರೆ ತಿಂಗಳ ನಡುವೆ. ನೂರಕ್ಕೆ ನಾಲ್ಕು ಮಕ್ಕಳಂತೂ ಅಂಬೆಗಾಲೇ ಇಡಲಿಲ್ಲ. ನಾದಿನಿಯ ಮಗನೂ ಈ ಲೆಕ್ಕದೊಳಗೇ, ನಿಮ್ಮ ಮಗಳೂ ಅದರೊಳಗೇ.

ವಾಕರ್ ಮಾತ್ರ ಬೇಡ, ಯಜಮಾನರಿಗೆ ಖಂಡಿತ ಹೇಳಿ. ಅದರಲ್ಲಿ ಮಗು ತೂಗಾಡುತ್ತಾ ಕಾಲು ಒದೆಯುತ್ತದೆ ಅಷ್ಟೆ, ತನ್ನ ಭಾರ ತಾನು ಹೊರುವುದನ್ನು ಕಲಿಯುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಮೆಟ್ಟಿಲ ತುದಿಗೆ ಹೋಗಿರುತ್ತದೆ. ಕೆನಡಾ 2004ರಲ್ಲೇ ಅದರ ಮಾರಾಟ ನಿಲ್ಲಿಸಿತು. ಕೊಡಲೇಬೇಕೆಂದರೆ ಮೂರು ಗಾಲಿಯ ಮರದ ತಳ್ಳುಗಾಡಿ ಕೊಡಿ. ಅದನ್ನು ಹಿಡಿದು ತಾನೇ ನಿಲ್ಲಬೇಕಲ್ಲ. ಆಗಲೂ ಒಬ್ಬರು ಪಕ್ಕದಲ್ಲಿರಿ.

ಉಳಿದಂತೆ ಸಾಕ್ಸು, ಬೂಟು ತೆಗೆದು ಬರಿಗಾಲಲ್ಲಿ ಬಿಡಿ. ಮಂಚ, ಕುರ್ಚಿ ಒಂದಡಿ ಅಂತರದಲ್ಲಿರಲಿ, ಒಂದರಿಂದ ಇನ್ನೊಂದಕ್ಕೆ ಅವಳೇ ದಾಟುತ್ತಾಳೆ. 18 ತಿಂಗಳಾದರೂ ನಡೆಯದಿದ್ದರೆ, ಅಥವಾ ಒಂದು ಕಾಲನ್ನು ಎಳೆಯುತ್ತಿದ್ದರೆ ಈಗಲೇ, ಮಕ್ಕಳ ಡಾಕ್ಟರಿಗೆ ತೋರಿಸಿ. ಎಣ್ಣೆ-ನೀರಿನ ವಿಷಯ ಅತ್ತೆಯವರಿಗೇ ಬಿಟ್ಟುಬಿಡಿ, ಅದರಲ್ಲಿ ಜಗಳಕ್ಕೆ ಏನೂ ಇಲ್ಲ.

— ಸಂ.