ಆ ಕೂಗು ಹಾಡಿಗೆ ಸೇರಿದ್ದು

ಮಾನ್ಯ ಓದುಗರೇ,

ಅಮೆರಿಕದ ಕಪ್ಪು ಜನರ ಹಾಡುಪ್ರಕಾರವಾದ ಬ್ಲೂಸ್‌ನ ಗಾಯಕ, ಗಿಟಾರ್ ವಾದಕ ಬಿ.ಬಿ. ಕಿಂಗ್ ಅವರು ಸಭಿಕರ ಮುಂದೆಯೇ ಹಾಡಿ ಮುದ್ರಿಸಿದ ‘ಲೈವ್ ಅಟ್ ದಿ ರೀಗಲ್’ ಆಲ್ಬಮ್ಮನ್ನು ನಮ್ಮ ಮಾತು ನಂಬಿ ಕೇಳಿದಿರೆಂದೂ, ಹಾಡಿಗಿಂತ ಸಭಿಕರ ಕೂಗಾಟವೇ ಕಿವಿಗೆ ಬಿತ್ತೆಂದೂ, ಅದೇ ಗಾಯಕರ ಸ್ಟುಡಿಯೊ ಮುದ್ರಣಗಳು ಇರುವಾಗ ಈ ಗದ್ದಲವನ್ನೇಕೆ ಹೊಗಳಿದಿರೆಂದೂ ಕೇಳಿದ್ದೀರಿ. ಕೆಲವು ಧ್ವನಿಮುದ್ರಣಗಳ ಮಟ್ಟಿಗೆ ನಿಮ್ಮ ಆಕ್ಷೇಪಣೆ ಸರಿ. 1965ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಂನಲ್ಲಿ ಇಂಗ್ಲೆಂಡಿನ ಬೀಟಲ್ಸ್ ತಂಡ ಹಾಡಿದಾಗ, 55 ಸಾವಿರಕ್ಕೂ ಹೆಚ್ಚು ಜನರ ಚೀರಾಟದ ನಡುವೆ ಅವರು ನುಡಿಸಿದ್ದು ಅವರಿಗೇ ಕೇಳಿಸದಂತಾಯಿತು. ಆ ಚೀರಾಟಕ್ಕೂ ಹಾಡಿನ ಸಾಲಿಗೂ ಸಂಬಂಧವಿರಲಿಲ್ಲ. ರೀಗಲ್‌ನ ಕೂಗು ಅಂಥದ್ದಲ್ಲ.

1964ರ ನವೆಂಬರ್ 21ರಂದು ಈ ಕಾರ್ಯಕ್ರಮ ನಡೆದ ರೀಗಲ್ ಥಿಯೇಟರ್ ಷಿಕಾಗೊ ನಗರದ ದಕ್ಷಿಣ ಭಾಗದಲ್ಲಿತ್ತು. ಮಿಸಿಸಿಪ್ಪಿಯಂಥ ರಾಜ್ಯಗಳಿಂದ ಕೆಲಸ ಅರಸಿ ಬಂದ ಕಪ್ಪು ಕುಟುಂಬಗಳು ನೆಲೆನಿಂತ ಪ್ರದೇಶವದು. 1925ರಲ್ಲಿ ಮಿಸಿಸಿಪ್ಪಿಯಲ್ಲೇ ಹುಟ್ಟಿ, ಹತ್ತಿ ಹೊಲಗಳಲ್ಲಿ ದುಡಿದು, ಚರ್ಚಿನಲ್ಲಿ ಹಾಡುತ್ತ ಬೆಳೆದ ಕಿಂಗ್ ಅವರಿಗೆ ಆ ಸಭೆ ಹೊಸದಲ್ಲ. ಬೋಧಕರು ಒಂದು ಮಾತು ಹೇಳಿದರೆ ಸಭೆ ಅದಕ್ಕೆ ದನಿಗೊಡುವ ಚರ್ಚಿನ ರೂಢಿಯೇ ಬ್ಲೂಸ್‌ನಲ್ಲೂ ಇದೆ. ಕಿಂಗ್ ಹಾಡುವಾಗ ಗಿಟಾರ್ ನುಡಿಸುತ್ತಿರಲಿಲ್ಲ. ಸಾಲು ಮುಗಿಸಿ, ತಾವು ‘ಲುಸಿಲ್’ ಎಂದು ಕರೆಯುತ್ತಿದ್ದ ಗಿಟಾರಿನಿಂದ ಅದಕ್ಕೆ ಉತ್ತರ ಕೊಡಿಸುತ್ತಿದ್ದರು. ಆ ಮಾತುಕತೆಯಲ್ಲಿ ಸಭಿಕರದು ಮೂರನೆಯ ದನಿ. ನಮ್ಮ ಸಂಗೀತ ಕಛೇರಿಯಲ್ಲಿ ಒಂದು ಸಂಗತಿ ಒದಗಿ ಬಂದಾಗ ‘ಭಲೇ’ ಎನ್ನುವ ರಸಿಕರನ್ನು ನಾವು ಗದ್ದಲ ಮಾಡುವವರೆಂದು ಎಣಿಸುವುದಿಲ್ಲವಷ್ಟೆ.

‘ಹೌ ಬ್ಲೂ ಕ್ಯಾನ್ ಯು ಗೆಟ್’ ಹಾಡನ್ನು ಗಮನವಿಟ್ಟು ಕೇಳಿದರೆ ಇದು ನಿಮಗೇ ಗೊತ್ತಾಗುತ್ತದೆ. ಗಾಯಕ ತನ್ನವಳ ಮೇಲೆ ದೂರುಗಳನ್ನು ಪೇರಿಸುತ್ತ ಹೋಗುತ್ತಾನೆ: ಹೊಸ ಫೋರ್ಡ್ ಕೊಡಿಸಿದರೆ ಕ್ಯಾಡಿಲಾಕ್ ಬೇಕೆಂದಳು, ಹತ್ತು ಡಾಲರಿನ ಊಟ ಹಾಕಿಸಿದರೆ ತಿಂಡಿಗೆ ಥ್ಯಾಂಕ್ಸ್ ಎಂದಳು. ಇಲ್ಲಿ ವಾದ್ಯಮೇಳ ಒಂದು ಪೆಟ್ಟು ಕೊಟ್ಟು ಸುಮ್ಮನಾಗುತ್ತದೆ. ಬರಿದಾದ ಆ ಜಾಗದಲ್ಲಿ ಕಿಂಗ್ ಅವರ ಮಾತು ಮಾತ್ರ, ಅದರ ಹಿಂದೆಯೇ ಜನರ ಕೂಗು. ಏಳು ಮಕ್ಕಳನ್ನು ಕೊಟ್ಟೆ, ಈಗ ಅವರನ್ನೂ ವಾಪಸು ಕೊಡುತ್ತೇನೆ ಅನ್ನುತ್ತಾಳೆ ಎಂಬಲ್ಲಿಗೆ ಬಂದಾಗ ಇಡೀ ಥಿಯೇಟರ್ ಬೋರ್ಗರೆಯುತ್ತದೆ. ಕೂಗು ಬರಲಿದೆಯೆಂದು ಬಲ್ಲ ಗಾಯಕ ಅದಕ್ಕೆ ಎಡೆ ಇಟ್ಟುಕೊಂಡೇ ಹಾಡಿದ್ದಾರೆ. 1956ರ ಒಂದೇ ವರ್ಷ 342 ಕಡೆ ನುಡಿಸಿದವರಿಗೆ ಆ ಎಡೆಯ ಅಳತೆ ಗೊತ್ತಿರದೆ ಇರುತ್ತದೆಯೇ? ಸ್ಟುಡಿಯೊದಲ್ಲಿ ಆ ಮೌನವನ್ನು ತುಂಬುವವರೇ ಇಲ್ಲ.

ಹೆಚ್ಚು ಶಾಂತವಾಗಿ ಕೇಳುವ ಸಭೆ ಬೇಕೆಂದರೆ, 1971ರ ಮಾರ್ಚ್‌ನಲ್ಲಿ ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಸಭಾಂಗಣದಲ್ಲಿ ಆಲ್‌ಮನ್ ಬ್ರದರ್ಸ್ ಬ್ಯಾಂಡ್ ಎಂಬ ರಾಕ್ ತಂಡ ನುಡಿಸಿದ್ದನ್ನು ಕೇಳಬಹುದು. ಬೆರಳಿಗೆ ಔಷಧದ ಗಾಜಿನ ಬಾಟಲಿ ತೊಟ್ಟು ತಂತಿಯ ಮೇಲೆ ಜಾರಿಸುತ್ತಿದ್ದ ಆ ತಂಡದ ಗಿಟಾರ್ ವಾದಕ ಡ್ವೇನ್ ಆಲ್‌ಮನ್ ಅದೇ ವರ್ಷದ ಅಕ್ಟೋಬರ್‌ನಲ್ಲಿ 24ನೆಯ ವಯಸ್ಸಿಗೇ ಮೋಟಾರ್‌ಸೈಕಲ್ ಅಪಘಾತದಲ್ಲಿ ತೀರಿಕೊಂಡರೆಂಬುದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ. ಅಲ್ಲಿ ಇಪ್ಪತ್ತಮೂರು ನಿಮಿಷದ ಹಾಡನ್ನೂ ಜನ ತಾಳ್ಮೆಯಿಂದ ಕೇಳಿದ್ದಾರೆ.

ಆದರೂ ರೀಗಲ್ ಆಲ್ಬಮ್ಮನ್ನು ಕೈಬಿಡಬೇಡಿ. ಎರಡನೆಯ ಹಾಡಿನಿಂದ ನಾಲ್ಕನೆಯದರವರೆಗೆ ಕಿಂಗ್ ನಿಲ್ಲಿಸದೆ ಒಂದಕ್ಕೊಂದು ಪೋಣಿಸಿದ್ದಾರೆ; ಆ ಮೂರನ್ನೂ ಒಟ್ಟಿಗೆ, ದನಿ ತಗ್ಗಿಸದೆ ಕೇಳಿ, ನಿಮಗೇನನ್ನಿಸಿತೆಂದು ದಯವಿಟ್ಟು ಮತ್ತೆ ಬರೆಯಿರಿ.

— ಸಂಪಾದಕ