ಆರು ತಿಂಗಳಿಗೆ ಬನ್ನಿ ಅಂದಿದ್ದರು, ಇವರು ಹೋಗುತ್ತಲೇ ಇಲ್ಲ

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ನಮ್ಮ ಯಜಮಾನರಿಗೆ 58. ಮೂವತ್ತು ವರ್ಷ ದಿನಕ್ಕೊಂದು ಪ್ಯಾಕ್ ಸಿಗರೇಟ್ ಸೇದಿ ನಾಲ್ಕು ವರ್ಷದ ಹಿಂದೆ ಬಿಟ್ಟರು. ಡಾಕ್ಟರ್ ಹೇಳಿದ್ದಕ್ಕೆ ಶ್ವಾಸಕೋಶದ ಸಿಟಿ ಸ್ಕ್ರೀನಿಂಗ್ ಮಾಡಿಸಿದೆವು. 7 ಮಿಲಿಮೀಟರ್ ಗಂಟಿದೆ, ಲಂಗ್-ರಾಡ್ಸ್ 3, ಆರು ತಿಂಗಳಿಗೆ ಮತ್ತೆ ಬನ್ನಿ ಅಂದರು. ಒಂಬತ್ತು ತಿಂಗಳಾಯಿತು. ಕೇಳಿದರೆ ‘ಚೆನ್ನಾಗೇ ಇದ್ದೀನಲ್ಲ’ ಅಂತ ಎದ್ದು ಹೋಗುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಗಾಬರಿ ಬಿಡಿ. ಲಂಗ್-ರಾಡ್ಸ್ ಅನ್ನೋದು ಸ್ಕ್ಯಾನಲ್ಲಿ ಕಂಡದ್ದಕ್ಕೆ ಡಾಕ್ಟರುಗಳು ಕೊಡುವ ದರ್ಜೆ, ಅದರಲ್ಲಿ 3 ಅಂದರೆ ‘ಬಹುಶಃ ಅಪಾಯವಿಲ್ಲ, ಆದರೂ ಇನ್ನೊಮ್ಮೆ ನೋಡೋಣ’ ಅಂತ. ಇಂಥ ನೂರು ಗಂಟುಗಳಲ್ಲಿ ಕ್ಯಾನ್ಸರ್ ಆಗಿರುವುದು ಒಂದೋ ಎರಡೋ. ಹಳೇ ಟಿಬಿಯ ಕಲೆಯೂ ಹೀಗೇ ಕಾಣುತ್ತದೆ, ನಮ್ಮ ಕಡೆ ಹುಟ್ಟಿ ಬೆಳೆದವರಲ್ಲಿ ಅದೇನು ಅಪರೂಪವಲ್ಲ.

ಆದರೆ ಅದು ಕಲೆಯೋ, ಬೆಳೆಯುವ ಗಂಟೋ ಅನ್ನೋದು ಒಂದೇ ಸ್ಕ್ಯಾನಲ್ಲಿ ಗೊತ್ತಾಗಲ್ಲ. ಎರಡನೇದನ್ನು ಪಕ್ಕ ಇಟ್ಟು ನೋಡಬೇಕು. 7 ಮಿಲಿಮೀಟರ್ ಇದ್ದದ್ದು 9ರ ಹತ್ತಿರ ಬಂದರೆ ಎರಡೇ ಮಿಲಿಮೀಟರ್ ಅನಿಸುತ್ತೆ, ಗಂಟಿನ ಘನಗಾತ್ರ (ವಾಲ್ಯೂಮ್) ಮಾತ್ರ ಡಬಲ್ ಆಗಿರುತ್ತದೆ. ಆಗಲೂ ಕೆಮ್ಮಿಲ್ಲ, ನೋವಿಲ್ಲ. ಹಾಗಾಗಿ ‘ಚೆನ್ನಾಗೇ ಇದ್ದೀನಿ’ ಅನ್ನೋದು ಇಲ್ಲಿ ಲೆಕ್ಕಕ್ಕೆ ಬರಲ್ಲ.

ಇನ್ನು ಯಾಕೆ ಹೋಗುತ್ತಿಲ್ಲ? ನಾನು ನೋಡಿದ ಮಟ್ಟಿಗೆ ಸೋಮಾರಿತನ ಕಮ್ಮಿ, ಹೆದರಿಕೆ ಜಾಸ್ತಿ, ಅದಕ್ಕಿಂತ ಜಾಸ್ತಿ ನಾಚಿಕೆ. ‘ನಾನೇ ತಂದುಕೊಂಡಿದ್ದು’ ಅಂತ ಒಳಗೊಳಗೇ ಕೊರಗುತ್ತಿರುವವರಿಗೆ ಪ್ರತಿ ಸಲ ಫಾರ್ಮಿನಲ್ಲಿ ಎಷ್ಟು ವರ್ಷ ಸೇದಿದ್ರಿ ಅಂತ ಬರೆಯೋದೇ ಒಂದು ಶಿಕ್ಷೆ. ಮನೆಯಲ್ಲಿ ‘ಅವತ್ತೇ ಬಿಡಿ ಅಂದಿದ್ದೆ’ ಅನ್ನೋ ಮಾತು ಬಂದಿದ್ದರೆ ದಯವಿಟ್ಟು ನಿಲ್ಲಿಸಿ (ಬಂದೇ ಇರುತ್ತೆ, ನನಗೆ ಗೊತ್ತು). ಬದಲಿಗೆ ಸಿಗರೇಟ್ ಬಿಟ್ಟ ಆ ನಾಲ್ಕು ವರ್ಷದ ಮಾತೆತ್ತಿ. ಅಷ್ಟು ಕಷ್ಟದ್ದನ್ನೇ ಮಾಡಿದವರಿಗೆ ಹತ್ತು ನಿಮಿಷದ ಸ್ಕ್ಯಾನ್ ಏನು ಮಹಾ, ಅಲ್ವಾ?

ದುಡ್ಡಿನ ಯೋಚನೆಯೂ ಇರಬಹುದು, ಬಾಯಿಬಿಟ್ಟು ಹೇಳಲ್ಲ ಅಷ್ಟೇ. ವರ್ಷಕ್ಕೊಮ್ಮೆಯ ಸ್ಕ್ರೀನಿಂಗಿಗೆ ಅಮೆರಿಕದಲ್ಲಿ ಸಾಮಾನ್ಯವಾಗಿ ಇನ್ಶೂರೆನ್ಸ್ ಪೂರ್ತಿ ಕೊಡುತ್ತದೆ, ಆದರೆ ಆರು ತಿಂಗಳ ಈ ಸ್ಕ್ಯಾನನ್ನು ಡಯಾಗ್ನಾಸ್ಟಿಕ್ (ರೋಗ ಪತ್ತೆಯ ಪರೀಕ್ಷೆ) ಅಂತ ಬಿಲ್ ಮಾಡಿದರೆ ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್ ಕೊಡುವ ಮೊದಲು ನಾವೇ ಕಟ್ಟಬೇಕಾದ ಪಾಲು, ನಿಮ್ಮ ತಲೆಗೇ ಬರಬಹುದು. ಮೊದಲೇ ಫೋನ್ ಮಾಡಿ ಎಷ್ಟಾಗುತ್ತೆ ಕೇಳಿ.

2011ರಲ್ಲಿ ಪ್ರಕಟವಾದ, ಶ್ವಾಸಕೋಶದ ಸ್ಕ್ರೀನಿಂಗ್ ಬಗ್ಗೆ ಅಮೆರಿಕದಲ್ಲಿ ನಡೆದ ಎನ್‌ಎಲ್‌ಎಸ್‌ಟಿ ಅಧ್ಯಯನದಲ್ಲಿ 53 ಸಾವಿರ ಜನರಿದ್ದರು. ಎಕ್ಸ್-ರೇ ಗುಂಪಿಗಿಂತ ಸಿಟಿ ಗುಂಪಿನಲ್ಲಿ ಶ್ವಾಸಕೋಶದ ಕ್ಯಾನ್ಸರಿನ ಸಾವು ಶೇ. 20ರಷ್ಟು ಕಮ್ಮಿಯಾಯಿತು. ಸ್ಕ್ರೀನಿಂಗಿನ ಜಾಹೀರಾತಿನಲ್ಲೆಲ್ಲ ಈ 20 ಬರುತ್ತದೆ. ಆದರೆ ಅಲ್ಲಿ ಶೇ. 95ರಷ್ಟು ಜನ ಹೇಳಿದ ಸ್ಕ್ಯಾನುಗಳಿಗೆ ಬಂದಿದ್ದರು, ಅದನ್ನು ಯಾರೂ ಹೇಳಲ್ಲ. ಮೊದಲ ಸ್ಕ್ಯಾನ್ ಮಾಡಿಸಿ ಸುಮ್ನೆ ಕೂತರೆ ಆ ಲಾಭ ಸಿಗಲ್ಲ.

ವಾಪಸ್ ಬರುವವರು ಯಾಕೆ ಬರುತ್ತಾರೆ ಅಂದರೆ ಕಾರಣ ತೀರಾ ಸಾದಾ. ಯಾರೋ ನರ್ಸ್ ಫೋನ್ ಮಾಡಿ ತಾರೀಖು ಕೊಟ್ಟಿರುತ್ತಾರೆ, ಇಲ್ಲ ನಂಬಿಕೆಯ ಡಾಕ್ಟರ್ ಸ್ಕ್ಯಾನ್ ತೋರಿಸಿ ವಿವರಿಸಿರುತ್ತಾರೆ, ಇಲ್ಲ ಮನೆಯವರು ಜೊತೆಗೆ ಹೊರಟಿರುತ್ತಾರೆ. ಹಾಗಾಗಿ ‘ಹೋಗ್ತೀರಾ?’ ಅಂತ ಕೇಳಬೇಡಿ. ‘ಗುರುವಾರನೋ ಶುಕ್ರವಾರನೋ, ನಾನೂ ಬರ್ತೀನಿ’ ಅನ್ನಿ.

ಮೂರು ತಿಂಗಳು ತಡವಾಯಿತು ಅಂತ ಕೊರಗಬೇಡಿ, ಈ ವಾರವೇ ಅಪಾಯಿಂಟ್‌ಮೆಂಟ್ ತಗೊಳ್ಳಿ. ಗಂಟು ಹಾಗೇ ಇದ್ದರೆ ಮುಂದಿನದು ಒಂದು ವರ್ಷಕ್ಕೆ. ಕಫದಲ್ಲಿ ರಕ್ತ ಕಂಡರೆ, ತೂಕ ಸುಮ್‌ಸುಮ್ನೆ ಇಳಿಯುತ್ತಿದ್ದರೆ ಮಾತ್ರ ಸ್ಕ್ಯಾನಿನ ತಾರೀಖು ಕಾಯದೆ ಡಾಕ್ಟರ ಹತ್ತಿರ ನೇರ ಹೋಗಿ.