ಡಾಲರ್ ಅಚ್ಚು ಹಾಕಿದ್ದಕ್ಕೇ ಷೇರು ಏರಿತಾ?

ಪ್ರಶ್ನೆ: ಅಮೆರಿಕದ ಷೇರುಪೇಟೆ ದಶಕಗಳಿಂದ ಏರುತ್ತಲೇ ಇದೆ. ಅಲ್ಲಿ ಡಾಲರ್ ಅಚ್ಚು ಹಾಕುತ್ತಲೇ ಇರುತ್ತಾರೆ, ಅದಕ್ಕೇ ತಾನೇ? ಹಾಗಾದರೆ ಕಣ್ಣು ಮುಚ್ಚಿ ದುಡ್ಡು ಹಾಕಬಹುದಲ್ವಾ?

ಉತ್ತರ: ಎಷ್ಟು ಸಲ ಹೇಳಿದರೂ ಈ ಪ್ರಶ್ನೆ ಮತ್ತೆ ಬರುತ್ತದೆ. ಯೂಟ್ಯೂಬ್ ಪಂಡಿತರು ಹಬ್ಬಿಸಿದ ಮಾತಿದು. ಅಂಕಿ ನೋಡಿ.

1964ರ ಕೊನೆಗೆ ಅಲ್ಲಿನ 30 ದೊಡ್ಡ ಕಂಪನಿಗಳ ಷೇರು ಬೆಲೆ ಅಳೆಯುವ ಡೌ ಜೋನ್ಸ್ ಸೂಚ್ಯಂಕ 874. 1981ರ ಕೊನೆಗೆ 875. ಹದಿನೇಳು ವರ್ಷದಲ್ಲಿ ಏರಿದ್ದು ಒಂದೇ ಒಂದು ಅಂಶ! ಅದೇ ಹೊತ್ತಿಗೆ ಅಮೆರಿಕದಲ್ಲಿ ಬ್ಯಾಂಕ್ ಠೇವಣಿಯೂ ಸೇರಿ ಒಟ್ಟು ಹಣ ಸುಮಾರು ನಾಲ್ಕು ಪಟ್ಟಾಗಿತ್ತು. ಸಾಮಾನಿನ ಬೆಲೆ ಮೂರು ಪಟ್ಟಾಗಿತ್ತು. ನೋಟಿನಿಂದಲೇ ಷೇರು ಏರುವುದಾದರೆ ಆಗ ಏರಬೇಕಿತ್ತು. ಏರಲಿಲ್ಲ, ಯಾಕೆಂದರೆ ಸರ್ಕಾರಿ ಬಾಂಡಿನ ಬಡ್ಡಿ ಸುಮಾರು 4%ರಿಂದ 14%ರ ಹತ್ತಿರ ಹೋಗಿತ್ತು. ಅಷ್ಟು ಬಡ್ಡಿ ಸುಮ್ನೆ ಕೂತಲ್ಲೇ ಸಿಗುವಾಗ ಷೇರಿಗೆ ಜಾಸ್ತಿ ಬೆಲೆ ಯಾರು ಕೊಡುತ್ತಾರೆ?

ಆಮೇಲೆ ಬಡ್ಡಿ ಇಳಿಯಿತು. ಸುಮಾರು 500 ದೊಡ್ಡ ಕಂಪನಿಗಳ ಇನ್ನೊಂದು ಸೂಚ್ಯಂಕ ಎಸ್ ಅಂಡ್ ಪಿ 500. 1981ರಿಂದ 1999ರೊಳಗೆ ಅದರ ಕಂಪನಿಗಳ ಲಾಭ ಮೂರು ಪಟ್ಟಾಯಿತು. ಸೂಚ್ಯಂಕ ಮಾತ್ರ 122ರಿಂದ 1469ಕ್ಕೆ, ಅಂದರೆ ಹನ್ನೆರಡು ಪಟ್ಟು! ಒಂದು ಡಾಲರ್ ಲಾಭಕ್ಕೆ 8 ಡಾಲರ್ ಕೊಡುತ್ತಿದ್ದವರು 30 ಡಾಲರ್ ಕೊಡಲು ಸಾಲು ನಿಂತಿದ್ದರು. ಹಾಗೆ ಕೊಟ್ಟವರ ಗತಿ? ಹತ್ತು ವರ್ಷ ಕಾದ ಮೇಲೆ, 2009ರ ಕೊನೆಗೆ ಸೂಚ್ಯಂಕ 1115.

ಜನ ಕೊಡುವ ಬೆಲೆ ಹೀಗೆ ಏರಿಳಿಯುತ್ತದೆ. ದೀರ್ಘಕಾಲಕ್ಕೆ ಉಳಿಯುವುದು ಷೇರೊಂದರ ಮೇಲಿನ ಲಾಭ. ಅದು ಮಾರಾಟದಿಂದ ಬೆಳೆಯುತ್ತದೆ. ಹೊರದೇಶದ ಗಿರಾಕಿಗಳಿಂದ ಬೆಳೆಯುತ್ತದೆ. ಹಣದುಬ್ಬರವೂ ಡಾಲರ್ ಲೆಕ್ಕದಲ್ಲಿ ಅದನ್ನು ಉಬ್ಬಿಸುತ್ತದೆ, ನೋಟಿನ ಪಾಲು ಅಲ್ಲಿದೆ. ಇನ್ನೊಂದು ದಾರಿ, ಕಂಪನಿ ತನ್ನದೇ ಷೇರನ್ನು ಪೇಟೆಯಿಂದ ವಾಪಸ್ ಕೊಳ್ಳುವುದು. ಆಪಲ್ ನೋಡಿ. 2015ರಲ್ಲಿ ಲಾಭ 5,340 ಕೋಟಿ ಡಾಲರ್, 2018ರಲ್ಲಿ 5,950 ಕೋಟಿ. ಹೆಚ್ಚಿದ್ದು 11%. ಆದರೆ ಷೇರೊಂದರ ಲಾಭ 9.22ರಿಂದ 11.91 ಡಾಲರ್‌ಗೆ ಏರಿತು, ಅಂದರೆ 29%. ಷೇರುಗಳು ಕಮ್ಮಿಯಾದವು, ಉಳಿದ ಒಂದೊಂದರ ಪಾಲು ದೊಡ್ಡದಾಯಿತು.

2017ರ ಕಾನೂನು ಕಂಪನಿ ತೆರಿಗೆಯನ್ನು 35%ರಿಂದ 21%ಕ್ಕೆ ಇಳಿಸಿತು. ಅದೂ ಲಾಭಕ್ಕೇ ಸೇರಿತು. ಆದರೆ ಅಂಥ ಇಳಿಕೆ ವರ್ಷ ವರ್ಷ ಸಿಗುವುದಿಲ್ಲ. 2020ರಲ್ಲಿ ಸೊನ್ನೆಯ ಹತ್ತಿರ ಹೋಗಿದ್ದ ಬಡ್ಡಿ ಅದಕ್ಕಿಂತ ಕೆಳಗೆ ಹೋಗಲು ಜಾಗವೇ ಇರಲಿಲ್ಲ. ಹಾಗಾಗಿ ಹಿಂದಿನ ಹತ್ತು ವರ್ಷದ ಗಳಿಕೆಯನ್ನೇ ಕ್ಯಾಲ್ಕುಲೇಟರಿಗೆ ಹಾಕಿ ಮಗಳ ಓದಿನ ಖರ್ಚು ಲೆಕ್ಕ ಹಾಕುವವರನ್ನು ಕಂಡರೆ ನನಗೆ ಭಯವಾಗುತ್ತದೆ. ಡಾಲರ್‌ನಲ್ಲಿ ವರ್ಷಕ್ಕೆ 7%ಗಿಂತ ಜಾಸ್ತಿ ಗಳಿಕೆ ಲೆಕ್ಕಕ್ಕೆ ಇಟ್ಟುಕೊಳ್ಳಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಐದು ವರ್ಷದೊಳಗೆ ಬೇಕಾದ ದುಡ್ಡನ್ನಂತೂ ಅಲ್ಲಿ ಹಾಕಲೇಬೇಡಿ.

ಪ್ರಶ್ನೆ: ಯಾವ ಪಕ್ಷದ ಅಧ್ಯಕ್ಷರಿದ್ದರೆ ಪೇಟೆಗೆ ಒಳ್ಳೆಯದು?

ಉತ್ತರ: ಎರಡೂ ಪಕ್ಷದವರ ಕಾಲದಲ್ಲಿ ಏರಿದೆ, ಎರಡೂ ಪಕ್ಷದವರ ಕಾಲದಲ್ಲಿ ಬಿದ್ದಿದೆ.

ಪ್ರಶ್ನೆ: ಟೆಲಿಗ್ರಾಂ ಗುಂಪಿನಲ್ಲಿ ಅಮೆರಿಕದ ಷೇರಿನಿಂದ ತಿಂಗಳಿಗೆ 4% ಗ್ಯಾರಂಟಿ ಅಂತಾರೆ. ಸೇರಲಾ?

ಉತ್ತರ: ಶುದ್ಧ ಮೋಸ. ಈಗಾಗಲೇ ದುಡ್ಡು ಕಳಿಸಿದ್ದರೆ ಇವತ್ತೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಪ್ರಶ್ನೆ: ಬೆಂಗಳೂರಿನಲ್ಲಿ ಅಮೆರಿಕದ ಕಂಪನಿಯೊಂದರ ಕೆಲಸ. ಸಂಬಳದ ಜೊತೆ ಕೊಡುವ ಆರ್‌ಎಸ್‌ಯು ಷೇರನ್ನೆಲ್ಲ ಹಾಗೇ ಇಟ್ಟುಕೊಳ್ಳಲಾ?

ಉತ್ತರ: ಬೇಡ. ಸೂಚ್ಯಂಕ ಏರುವುದು ಸೋತವರನ್ನು ಹೊರಗೆ ಹಾಕಿಕೊಂಡು. 2001ರಲ್ಲಿ ಎಸ್ ಅಂಡ್ ಪಿ 500ರಿಂದ, ಲೆಕ್ಕದ ಮೋಸ ಬಯಲಾಗಿ ಮುಳುಗಿದ ಇಂಧನ ಕಂಪನಿ ಎನ್ರಾನ್ ಹೊರಗೆ ಹೋಯಿತು, ಅದರ ಜಾಗಕ್ಕೆ ಚಿಪ್ ಕಂಪನಿ ಎನ್‌ವಿಡಿಯಾ ಬಂತು. ನಿವೃತ್ತಿಯ ಹಣವನ್ನೂ ಎನ್ರಾನ್ ಷೇರಿನಲ್ಲೇ ಇಟ್ಟಿದ್ದ ನೌಕರರಿಗೆ ಕೆಲಸವೂ ಹೋಯಿತು, ಹಣವೂ ಹೋಯಿತು. ಸಿಕ್ಕಿದ ಹಾಗೇ ಅರ್ಧವನ್ನಾದರೂ ಮಾರಿ. ಮಾರಿದ್ದು, ಉಳಿದದ್ದು ಎರಡನ್ನೂ ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿಗೆಂದೇ ಇರುವ ಶೆಡ್ಯೂಲ್ ಎಫ್‌ಎಯಲ್ಲಿ ತೋರಿಸಿ.